ನಶ್ಯದ ಡಬ್ಬಿಯ ಸಾಕ್ಷಿ

ಸಂತೇಬೆನ್ನೂರಿನ ಸಾರಾಯಿ ಅಂಗಡಿಯಲ್ಲಿ ನಾನು ಒಂಬತ್ತು ವರ್ಷ ಮ್ಯಾನೇಜರ್ ಆಗಿದ್ದೆ. ಕುಡಿಯುವವನಲ್ಲ, ನಶ್ಯ ಮಾತ್ರ ಬಿಟ್ಟಿರಲಾರೆ. ಹನುಮಂತಪ್ಪ ನಿಯತ್ತಿನ ಮನುಷ್ಯ ಎಂದು ಗುತ್ತಿಗೆದಾರ ಬಸವರಾಜಪ್ಪನವರೇ ಒಮ್ಮೆ ನಾಲ್ಕು ಜನರೆದುರು ಹೇಳಿದ್ದರು. ಅದನ್ನು ನಾನು ಆಮೇಲೆ ನಲವತ್ತು ಜನರೆದುರು ಹೇಳಿಕೊಂಡಿದ್ದೇನೆ ಅನ್ನಿ.

ಅಂಗಡಿಯ ಬಾಗಿಲಲ್ಲಿ ಸರ್ಕಾರದ ಹಲಗೆ ತೂಗುತ್ತಿತ್ತು. ಹದಿನಾಲ್ಕು ವರ್ಷದೊಳಗಿನವರಿಗೆ ಮಾರಕೂಡದು, ಮಾರಿದರೆ ಮ್ಯಾನೇಜರನೇ ಹೊಣೆ. ಹಲಗೆ ಬರೆದ ಪುಣ್ಯಾತ್ಮನಿಗೆ ಊರಿನ ಸಂಗತಿ ಏನು ಗೊತ್ತು? ಇಲ್ಲಿ ಮರ್ಯಾದಸ್ಥರಿಗೆ ಸಾರಾಯಿ ಅಂಗಡಿಯ ಮೆಟ್ಟಿಲು ಹತ್ತಲು ನಾಚಿಕೆ. ಮಕ್ಕಳ ಕೈಗೆ ಸೀಸೆ ಕೊಟ್ಟು ಕಳಿಸುತ್ತಾರೆ. ವಾಪಸ್ ಅಟ್ಟಿದರೆ ಗಿರಾಕಿ ಹೋಯಿತು, ಕೊಟ್ಟರೆ ಕೆಲಸವೇ ಹೋಯಿತು.

ನಾನು ತಲೆ ಓಡಿಸಿ ಒಂದು ಪದ್ಧತಿ ಮಾಡಿದೆ. ಸೀಸೆ ಹಿಡಿದು ಬಂದ ಮಗು ಅಪ್ಪನ ಗುರುತು ತರಬೇಕು. ಉಂಗುರವೋ, ಊರುಗೋಲೋ, ಎಲೆಯಡಿಕೆ ಸಂಚಿಯೋ. ಗುರುತು ಬಂದರೆ ಅಪ್ಪನೇ ಬಂದ ಹಾಗೆ, ಮಗು ಸೀಸೆ ಹಿಡಿಯುವ ಕೈ ಅಷ್ಟೆ. ನಲ್ಲೂರಿನ ಅಂಗಡಿಗೆ ಹೊಸದಾಗಿ ಬಂದ ಮ್ಯಾನೇಜರ್ ದುರುಗಣ್ಣನಿಗೂ ಇದನ್ನೇ ಹೇಳಿಕೊಟ್ಟೆ.

ನನ್ನ ಹೆಂಡತಿ ದ್ಯಾಮಮ್ಮನಿಗೆ ಮಾತ್ರ ಇದು ಹಿಡಿಸಲಿಲ್ಲ.

"ಆ ಹುಡುಗ್ರು ದಾರೀಲಿ ಸೀಸೆ ಮೂಸಿ ನೋಡಲ್ಲ ಅಂತೀರೇನ್ರೀ?"

"ಕಾನೂನಿನ ವಿಚಾರ ನಿಂಗೆ ತಿಳಿಯಲ್ಲ, ಸುಮ್ನಿರು."

"ನಿಮಗೆ ತಿಳಿದಿದ್ದೇ ಸಾಕು ಬಿಡ್ರಿ," ಎಂದು ಅವಳು ಒಳಗೆ ಹೋದಳು.

ಮೂವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ದುರುಗಣ್ಣ ಸಿಕ್ಕಿಬಿದ್ದ. ನಲ್ಲೂರಿನ ಅಂಗಡಿಯಿಂದ ಹುಡುಗನೊಬ್ಬ ತುಂಬಿದ ಸೀಸೆ ಹಿಡಿದು ಇಳಿಯುವಾಗ ಅಬಕಾರಿ ಇನ್ಸ್‌ಪೆಕ್ಟರ್ ದಾವೂದ್ ಸಾಹೇಬರು ಎದುರಿಗೇ ಬಂದರಂತೆ. ಹುಡುಗ ಸೀಸೆ, ಗುರುತು ಎರಡನ್ನೂ ಬಿಸಾಕಿ ಓಟ ಕಿತ್ತ. ಯಾರ ಮಗನೋ ಯಾರಿಗೂ ಗೊತ್ತಾಗಲಿಲ್ಲ. ದುರುಗಣ್ಣ ನನ್ನ ಮನೆಗೆ ಬಂದು ಅತ್ತೇಬಿಟ್ಟ.

"ಅಣ್ಣಾ, ನೀವು ಹೇಳಿದಂಗೇ ಮಾಡೀನಿ. ಕೆಲಸ ಹೋದ್ರೆ ಮೂರು ಮಕ್ಕಳು ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

"ನಾನಿಲ್ವೇನೋ? ವಿಚಾರಣೆ ದಿನ ನಾನೇ ಬಂದು ಮಾತಾಡ್ತೀನಿ," ಎಂದೆ. ಅವನ ಮುಂದೆ ಗತ್ತಿನಿಂದ ಒಂದು ಚಿಟಿಕೆ ಏರಿಸೋಣವೆಂದರೆ ನಶ್ಯದ ಡಬ್ಬಿ ಕಾಣದು. ವಾರದಿಂದ ಮನೆಯೆಲ್ಲ ತಡಕಾಡಿ ದ್ಯಾಮಮ್ಮನ ಕೈಲಿ ಬೈಸಿಕೊಂಡಿದ್ದೆ.

ಚನ್ನಗಿರಿಯಲ್ಲಿ ದಾವೂದ್ ಸಾಹೇಬರ ಮುಂದೆ ವಿಚಾರಣೆ. ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ನಿಂತು ಅರ್ಧ ಗಂಟೆ ವಾದ ಮಾಡಿದೆ.

"ಸ್ವಾಮಿ, ದುರುಗಣ್ಣ ಮಾರಿದ್ದು ಹುಡುಗನಿಗಲ್ಲ, ಗುರುತು ಕಳಿಸಿದ ಅಪ್ಪನಿಗೆ. ಹೊಣೆ ಹೊರಬೇಕಾದವನು ಆ ಅಪ್ಪ. ಎಂಥಾ ಅಪ್ಪ ಅವನು? ಅವನನ್ನ ಹಿಡ್ದು ತಂದು ಕೇಳ್ರಿ."

"ಆಯ್ತು, ಹಿಡಿಯೋಣ," ಎಂದು ಸಾಹೇಬರು ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. "ಇದು ಯಾರದು ಅಂತ ಗೊತ್ತಾದ್ರೆ ಸಾಕು."

ಹಿತ್ತಾಳೆಯ ಡಬ್ಬಿ. ಮುಚ್ಚಳದ ಮೂಲೆಯಲ್ಲಿ ನಗ್ಗು. ಆ ನಗ್ಗು ಬಿದ್ದಿದ್ದು ನನ್ನ ಕೈಯಿಂದಲೇ, ನಮ್ಮ ಮನೆಯ ಒರಳುಕಲ್ಲಿನ ಮೇಲೆ. ನನ್ನ ಮಗ ಚೌಡ ದುರುಗಣ್ಣ ಸಿಕ್ಕಿಬಿದ್ದ ವಾರ ನಲ್ಲೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದ. ಅವನಿಗೆ ಹನ್ನೆರಡು ವರ್ಷ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದುರುಗಣ್ಣ ನನ್ನನ್ನೇ ನೋಡುತ್ತಿದ್ದ.

"ಡಬ್ಬಿ ನಂದು, ಸ್ವಾಮಿ," ಎಂದೆ.

"ಅಂದ್ರೆ ಹುಡುಗನನ್ನ ಕಳಿಸಿದ್ದು ನೀವೇ?"

ಹೂಂ ಅಂದಿದ್ದರೆ ನನ್ನ ಪದ್ಧತಿ ಗೆಲ್ಲುತ್ತಿತ್ತು. ಆದರೆ ನಾನು ಕಳಿಸಿರಲಿಲ್ಲವಲ್ಲ. "ಇಲ್ಲ ಸ್ವಾಮಿ. ನಾನು ಕುಡಿಯೋನೇ ಅಲ್ಲ. ಡಬ್ಬಿ ಹೋಗೈತೆ, ನಾನು ಹೋಗಿಲ್ಲ. ಹುಡುಗ ನನ್ನ ಮಗನೇ, ಅವನಿಗೆ ಮಾರಬಾರದಿತ್ತು. ದುರುಗಣ್ಣನಿಗೆ ಹಿಂಗೆ ಮಾರಾಕೆ ಕಲಿಸಿದೋನು ನಾನು. ನನ್ನ ಹೆಸರೇ ಬರ್ಕೊಳ್ರಿ. ಒಂಬತ್ತು ವರ್ಷದಿಂದ ನಾನೂ ಇದನ್ನೇ ಮಾಡೀನಿ."

ಸಾಹೇಬರು ಬರೆದುಕೊಂಡರು. ದುರುಗಣ್ಣನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು, ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಬಸವರಾಜಪ್ಪನವರು ಈ ಸಲ ನಾಲ್ಕು ಜನರೆದುರು ಹೇಳಿದ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ಮನೆಗೆ ಬಂದಾಗ ಚೌಡ ಕಂಬಕ್ಕೆ ಒರಗಿ ಕೂತಿದ್ದ. ಹೊಡೆಯಬೇಕೆಂದೇ ಬಂದಿದ್ದೆ, ಕೈ ಏಳಲಿಲ್ಲ. ಸಾಹೇಬರು ವಾಪಸ್ ಕೊಟ್ಟ ಡಬ್ಬಿಯನ್ನು ಅವನೆದುರು ಇಟ್ಟೆ.

"ಯಾಕೋ ಹೋದೆ?"

"ದಿನಾ ನೀನು ಮಾರ್ತೀಯಲ್ಲಪ್ಪ, ಅದು ಹೆಂಗಿರ್ತೈತೆ ನೋಡಾಕೆ."

"ದುರುಗಣ್ಣ ನಿನ್ನ ಏನೂ ಕೇಳಲಿಲ್ವ? ಹೆಸರು, ವಯಸ್ಸು?"

"ಇಲ್ಲ. ನನ್ನ ಮುಖಾನೇ ನೋಡಲಿಲ್ಲ. ಡಬ್ಬಿ ನೋಡಿ ಸೀಸೆ ತುಂಬಿ ಕೊಟ್ಟ."

ನನಗೆ ದುರುಗಣ್ಣನ ಮೇಲೆ ಕೆಂಡದಂಥ ಸಿಟ್ಟು ಬಂತು. ಆಮೇಲೆ ನನ್ನ ಅಂಗಡಿಗೆ ಬರುತ್ತಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ನೆನಪಿಸಿಕೊಳ್ಳಲು ನೋಡಿದೆ. ಉಂಗುರಗಳು ನೆನಪಾದವು, ಸಂಚಿಗಳು ನೆನಪಾದವು. ಮುಖ ಒಂದೂ ನೆನಪಾಗಲಿಲ್ಲ.