ಲೇಥಿನ ಸದ್ದಿನಲ್ಲಿ ಹೇಳಿದ್ದು

ಚನ್ನಪಟ್ಟಣದ ಬೊಂಬೆ ಕೆಲಸಗಾರ ಇದ್ರೀಸನ ಬುಗುರಿ ಎಂದರೆ ಸಾಮಾನ್ಯವೇ? ಇಲ್ಲಿ ಬಿಟ್ಟರೆ ತಿರುಗುತ್ತಲೇ ರಾಮನಗರದ ಬಸ್‌ಸ್ಟ್ಯಾಂಡ್ ಮುಟ್ಟಿ, ಟಿಕೆಟ್ಟಿಲ್ಲದೆ ಬಸ್ಸಿನಲ್ಲಿ ವಾಪಸ್ ಬರುತ್ತಿತ್ತಂತೆ. ಹೇಳಿದವನು ಅವನೇ. ಆದರೆ ಹೆಂಡತಿ ರಹೀಮಾ ತೀರಿಕೊಂಡ ಮೇಲೆ ಆ ಬುಗುರಿ ಪಕ್ಕದೂರು ಕೆಂಗಲ್ಲನ್ನೂ ದಾಟಲಿಲ್ಲ. ಅವನಿಗೆ ಊಟ ಸೇರದು, ನಿದ್ದೆ ಹತ್ತದು, ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಕೈ ನಡುವೆಯೇ ನಿಂತುಬಿಡುವುದು. ಕೇಳಿದವರಿಗೆಲ್ಲ ತಾನು ಗುಂಡುಕಲ್ಲಿನ ಹಾಗಿದ್ದೇನೆ ಎನ್ನುತ್ತಿದ್ದ.

ಮಗಳು ನೂರೀನ್ ಆಸ್ಪತ್ರೆಯ ಮೊಬೈಲ್ ಹಿಡಿದು ಮನೆಮನೆ ತಿರುಗುವವಳು. ಮನಸ್ಸು ಹೇಗಿದೆ ಎಂದು ಮೊಬೈಲೇ ಓದಿ ಕೇಳುತ್ತದೆ, ಹೌದು ಇಲ್ಲವೆ ಇಲ್ಲ ಎಂದು ಗುಂಡಿ ಒತ್ತಿದರಾಯಿತು. ಕಷ್ಟ ಇಲ್ಲದಿದ್ದರೆ ಪರದೆ ಹಸಿರು, ಇದ್ದರೆ ಕೆಂಪು; ಕೆಂಪಾದವರಿಗೆ ಡಾಕ್ಟರು ಫೋನ್ ಮಾಡುತ್ತಾರೆ. ಊರಿಗೇ ಪ್ರಶ್ನೆ ಕೇಳುವ ಮಗಳು ಎಂದು ಇದ್ರೀಸನಿಗೆ ಎದೆ ಉಬ್ಬುತ್ತಿತ್ತು. ಆದರೆ ತನ್ನನ್ನೇ ಕೇಳಲು ಅವಳು ಕೆಲಸದ ಶೆಡ್ಡಿಗೆ ಬಂದಾಗ ಆ ಎದೆ ಡವಗುಟ್ಟಿತು.

ಆ ಶೆಡ್ಡಿನಲ್ಲಿ ಒಬ್ಬನಿಗೆ ಕೇಳಿದ ಪ್ರಶ್ನೆಗೆ ಎಲ್ಲರೂ ಉತ್ತರ ಕೊಡುವುದು ವಾಡಿಕೆ. ಬೇಸರವಾಗುತ್ತದೆಯೇ ಎಂದು ಮೊಬೈಲ್ ಗಟ್ಟಿಯಾಗಿ ಕೇಳಿತು.

"ಇವ್ನಿಗೆಲ್ಲಿ ಬೇಸ್ರ? ಇವ್ನ್ ಮಾತ್ ಕೇಳಿ ಬೇಸ್ರ ಆಗಿರೋದು ನಮ್ಗೆ ಕಣವ್ವ," ಎಂದ ಜೊತೆ ಕೆಲಸಗಾರ ಚನ್ನಬಸವಯ್ಯ.

ಪಕ್ಕದ ಲೇಥ್ ಯಂತ್ರದಲ್ಲಿ ಮರ ಕಡೆಯುವ ಅಸ್ಗರ್ ಪ್ರತಿ ಪ್ರಶ್ನೆಗೂ "ಇಲ್ಲ ಅಂತ ಒತ್ತು" ಎಂದ. ಇದ್ರೀಸ್ ನಗುತ್ತ ಒತ್ತಿದ. ಕೊನೆಗೆ ಮೊಬೈಲಿನ ಪರದೆ ಹಸಿರಾಯಿತು, ಶೆಡ್ಡೇ ಚಪ್ಪಾಳೆ ತಟ್ಟಿತು.

ನೂರೀನ್ ಮಾತ್ರ ನಗಲಿಲ್ಲ. "ಅಬ್ಬಾ, ಇದು ಅಸ್ಗರ್ ಚಾಚಾ ಹೇಳ್ದಂಗಾಯ್ತು. ನೀವು ಏನೂ ಹೇಳ್ಲಿಲ್ಲ," ಎಂದಳು ಅಪ್ಪನಿಗೆ. ಪ್ರಶ್ನೆಗಳನ್ನು ಮತ್ತೆ ಮೊದಲಿಂದ ಇಟ್ಟು, ಮೊಬೈಲನ್ನು ಅವನ ಮುಂದೆಯೇ ಬಿಟ್ಟು ಹೊರಗೆ ಹೋದಳು.

ಇದ್ರೀಸ್ ಲೇಥ್ ಹಾಕಿದ. ರಾಮನಗರದ ಬೆಟ್ಟದ ರಣಹದ್ದುಗಳೇ ಬೆಚ್ಚಿಬೀಳುವಂಥ ಸದ್ದು ಅದು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದ; ಪ್ರಶ್ನೆ ಅವನೊಬ್ಬನಿಗೇ ಕೇಳಿಸಿತು, ಉತ್ತರವನ್ನೂ ತಾನೇ ಒತ್ತಿದ. ಎದುರಿಗೆ ಬರೀ ಮರ ತಿರುಗುತ್ತಿತ್ತು, ಅರಗನ್ನು ಅವನು ಮುಟ್ಟಲೇ ಇಲ್ಲ. ಈ ಸಲ ಪರದೆ ಕೆಂಪಾಯಿತು.

ಡಾಕ್ಟರು ಫೋನ್ ಮಾಡಿದರು, ಆಸ್ಪತ್ರೆಗೂ ಕರೆಸಿಕೊಂಡರು. ನಿಧಾನಕ್ಕೆ ನಿದ್ದೆ ಬಂತು, ಹಿಂದೆಯೇ ಬುಗುರಿಯೂ ಮತ್ತೆ ತಿರುಗಿತು, ಸೀದಾ ಮಾಗಡಿವರೆಗೆ. ಒಂದು ದಿನ ಟೀ ಹೊತ್ತಿನಲ್ಲಿ ಇದ್ರೀಸ್ ತಾನೇ ಬಾಯಿಬಿಟ್ಟ.

"ಆ ಮೊಬೈಲ್ ಪ್ರಶ್ನೇಲಿ ಇಡೀ ಚನ್ನಪಟ್ಣದಲ್ಲಿ ನಂದೇ ಜಾಸ್ತಿ ಮಾರ್ಕು ಕಣ್ರಲಾ. ಮೊಬೈಲು ಕೆಂಪಗೆ ಕಾದು ಅರಗಿನ ಕಡ್ಡಿನೇ ಕರಗೋಯ್ತು. ನನ್ ಮಗ್ಳು ಕೇಳುದ್ಲು, ನಾನು ನಿಜ ಹೇಳ್ದೆ. ನಿಮ್ ಕೈಲಾಯ್ತದಾ?"

ಎಲ್ಲರೂ ನಕ್ಕರು. ಅಸ್ಗರ್ ಮಾತ್ರ ಲೋಟ ನೋಡುತ್ತ ಕೂತಿದ್ದ. ಸಂಜೆ ನೂರೀನ್ ಬಂದಾಗ ಅವನು ಅವಳ ಮೊಬೈಲಿಗೆ ಕೈ ಚಾಚಿದ.

"ಒಸಿ ಕೊಡು ಬೇಟಿ." ಆಮೇಲೆ ಯಾರ ಮುಖವನ್ನೂ ನೋಡದೆ, "ಇದ್ರೀಸ್ ಭಾಯ್, ನಿನ್ ಲೇಥ್ ಹಾಕು," ಎಂದ.

ಇದ್ರೀಸ್ ಎದೆಯುಬ್ಬಿಸಿ ಎದ್ದ, ಸ್ವಿಚ್ ಒತ್ತಿದ.