ಕನ್ನಡಕದ ಗುರುತು

ನಾಲ್ಕನೆಯ ಫೋಟೋವನ್ನು ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಾಗ ಮೇಷ್ಟ್ರು ಚಹಾದ ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ಲೋಟ ಅಲ್ಲಾಡಿಸಿ ಕುಡಿಯುತ್ತಿದ್ದರು. ತಲೆ ಎತ್ತಿ ನೋಡಿದರು. ಫೋಟೋದಲ್ಲಿ ಅವರ ಹೆಂಡತಿ ಇದ್ದಳು.

ಗುರುತು ಹಿಡಿಯಲು ಅವರಿಗೂ ಒಂದು ಗಳಿಗೆ ಬೇಕಾಯಿತು. ಕೂದಲು ಒದ್ದೆಯಾಗಿ ತಲೆಗೆ ಅಂಟಿಕೊಂಡಿತ್ತು. ಹೆಗಲ ಮೇಲೆ ಅವರ ಮನೆಯದಲ್ಲದ ಒಂದು ಟವೆಲು, ಬೆನ್ನ ಹಿಂದೆ ನೀಲಿ ಟೈಲ್ಸಿನ ಗೋಡೆ. ಈಜುವವರು ಹಾಕಿಕೊಳ್ಳುವ ಕನ್ನಡಕವೊಂದನ್ನು ಎರಡೂ ಕೈಯಲ್ಲಿ ಮಡಿಲಲ್ಲಿ ಹಿಡಿದುಕೊಂಡಿದ್ದಳು. ಅದರ ರಬ್ಬರು ಪಟ್ಟಿ ಹಳೆಯದಾಗಿ, ಹರಿದ ಕಡೆ ಗಂಟು ಹಾಕಿತ್ತು. ಆಕೆ ಕ್ಯಾಮೆರಾವನ್ನು ನೇರವಾಗಿ ನೋಡುತ್ತಿದ್ದಳು. ಮೇಷ್ಟ್ರನ್ನು ಅವಳು ಅಷ್ಟು ನೇರವಾಗಿ ನೋಡಿ ಎಷ್ಟು ಕಾಲವಾಗಿತ್ತೋ, ಅವರಿಗೇ ನೆನಪಿರಲಿಲ್ಲ.

ಅವರಿಗೆ ತಿಳಿದ ಮಟ್ಟಿಗೆ ಅವರ ಹೆಂಡತಿಗೆ ಈಜು ಬರುತ್ತಿರಲಿಲ್ಲ.

ಈ ಗುಂಪು ಪ್ರತಿ ಭಾನುವಾರ ಬೆಳಿಗ್ಗೆ ಡ್ರೈವಿಂಗ್ ಸ್ಕೂಲೊಂದರ ಪಾಠದ ಕೋಣೆಯಲ್ಲಿ ಸೇರುತ್ತಿತ್ತು. ಗೋಡೆಯ ತುಂಬ ಬಲತಿರುವು, ಎಡತಿರುವು, ಹಾರನ್ ನಿಷೇಧದ ಚಿತ್ರಗಳು. ಸ್ಕೂಲಿನ ಯಜಮಾನನೇ ಗುಂಪಿನ ಯಜಮಾನ. ವಾರವಿಡೀ ಬ್ರೇಕು ಬ್ರೇಕು ಎಂದು ಗಂಟಲು ಹರಿದುಕೊಂಡು ಭಾನುವಾರ ಮಾತ್ರ ಮೆತ್ತಗೆ ಮಾತಾಡುವ ಮನುಷ್ಯ. ಅವನು ಮಾಡಿಟ್ಟ ಪದ್ಧತಿ ವಿಚಿತ್ರವಾದದ್ದು. ಫೋಟೋದ ಮೇಲೆ ತೆಗೆದವರ ಹೆಸರಿರಕೂಡದು. ಪ್ರತಿಯೊಬ್ಬರೂ ಪ್ರತಿ ಫೋಟೋದ ಬಗ್ಗೆಯೂ ಮಾತಾಡಬೇಕು, ತಮ್ಮದರ ಬಗ್ಗೆಯೂ, ಅದು ಯಾರದೋ ಎಂಬಂತೆ. ಚಿತ್ರದಲ್ಲಿರುವವರು ಪರಿಚಯದವರಾದರೆ ಅದನ್ನು ಬಾಯಿ ಬಿಡಕೂಡದು. ಕಡೆಯ ಸರದಿ ಯಾವಾಗಲೂ ಮೇಷ್ಟ್ರದು. ಅವರು ಮೊದಲೇ ಮಾತಾಡಿಬಿಟ್ಟರೆ ಉಳಿದವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆಂದು ಹೀಗೊಂದು ಏರ್ಪಾಡು. ಈ ತಿಂಗಳ ವಿಷಯ, ಕೂತವರು ತಮ್ಮದೇ ಆದ ಒಂದು ವಸ್ತುವನ್ನು ತಂದು ಅದರ ಜೊತೆ ತೆಗೆಸಿಕೊಂಡ ಚಿತ್ರ.

ಮೇಷ್ಟ್ರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಸ್ಟುಡಿಯೋವೊಂದರ ಹಿಂಬದಿಯ ಕೋಣೆಯಲ್ಲಿ ಕೂತು, ನೆಗೆಟಿವ್‌ಗಳ ಮೇಲೆ ಪೆನ್ಸಿಲ್ಲು ಕುಂಚ ಆಡಿಸಿ, ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು ಇವನ್ನೆಲ್ಲ ಅಳಿಸುತ್ತ ಜೀವಮಾನ ಕಳೆದವರು. ಕೆಲಸ ಕಲಿಯಲು ಬಂದವರು ಮೇಷ್ಟ್ರೇ ಎಂದು ಕರೆದು ಅದೇ ಹೆಸರು ನಿಂತಿತು. ಮುಖ ಕಂಡರೆ ಅದರ ತಪ್ಪು ಮೊದಲು ಕಾಣಬೇಕು, ಅದು ಆ ಕಸುಬು. ಈಗ ಕಸುಬು ಹೋಯಿತು, ಆ ಕೆಲಸವನ್ನು ಫೋನೇ ಮಾಡುತ್ತದೆ, ಆದರೆ ಕಣ್ಣು ಎಲ್ಲಿ ಹೋದೀತು. ಗುಂಪಿನವರು ಬೆನ್ನ ಹಿಂದೆ ಅವರನ್ನು ಹಾಗಲಕಾಯಿ ಅನ್ನುತ್ತಿದ್ದರು. ಅದು ಮೇಷ್ಟ್ರಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ಅವರೇ ನಕ್ಕು, ಇನ್ನೊಂದು ಒದೆಗೆ ಎದೆ ಕೊಟ್ಟು ಕೂರುತ್ತಿದ್ದರು.

ಆ ದಿನವೂ ಅಷ್ಟೇ. ಎರಡನೆಯ ಫೋಟೋದಲ್ಲಿ ಮುದುಕನೊಬ್ಬ ಮೇಜಿನ ಮೇಲೆ ಹಳೆಯ ರೇಡಿಯೋ ಇಟ್ಟುಕೊಂಡು ಕೂತಿದ್ದ. ಉಳಿದವರೆಲ್ಲ ಆಹಾ ಎಂದು ಮುಗಿಸಿದ ಮೇಲೆ ಮೇಷ್ಟ್ರು, "ರೇಡಿಯೋ ತುಂಬಾ ಚೆನ್ನಾಗಿ ಬಂದಿದೆ. ಆದ್ರೆ ಪಾಪ, ಅಜ್ಜ ಯಾಕೆ ಬಂದಿದಾರೆ?" ಎಂದಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವಾಕೆಯ ಮುಖ ಸಣ್ಣದಾಯಿತು. ಹೀಗಾಗಿ ಅದು ಯಾರು ತೆಗೆದದ್ದೆಂದು ಕೇಳುವ ಅಗತ್ಯ ಬೀಳಲಿಲ್ಲ.

ಈಗ ಅದೇ ಬ್ಯಾಂಕಿನಾಕೆ ಎದ್ದು ನಾಲ್ಕನೆಯ ಫೋಟೋದ ಹತ್ತಿರ ಹೋದಳು.

"ಇವರ ಕಣ್ಣು ನೋಡಿ. ಕಣ್ಣ ಸುತ್ತ ಕನ್ನಡಕ ಒತ್ತಿರೋ ಗುರುತು ಹಾಗೇ ಇದೆ. ಈಗ ತಾನೇ ನೀರಿಂದ ಎದ್ದು ಬಂದಿದಾರೆ. ಬೇರೆ ಯಾರಾದ್ರೂ ಆಗಿದ್ರೆ ಪೌಡರ್ ಹಚ್ಕೊಂಡು ಬರ್ತೀನಿ ಇರಿ ಅಂತಿದ್ರು. ನಂಗಂತೂ ಈಯಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚಾಗ್ತಿದೆ."

ಆಮೇಲೆ ಫಿಸಿಯೋಥೆರಪಿ ಮಾಡುವ ಹುಡುಗಿಯ ಸರದಿ. ಅವಳು ಗುಂಪಿಗೆ ಹೊಸಬಳು. "ಬಲಗಡೆ ಬೆಳಕು ಸ್ವಲ್ಪ ಹೆಚ್ಚಾಗಿದೆ ಅನ್ಸತ್ತೆ. ಬೆರಳು ಇನ್ನೂ ಸರಿಯಾಗಿ ಕಾಣ್ಬೇಕಿತ್ತು," ಎಂದು ನೆಲ ನೋಡುತ್ತ ಹೇಳಿ ಕೂತಳು. ತನ್ನದೇ ಫೋಟೋವನ್ನು ಪರರದೆಂದು ಬೈಯುವುದು ಅವಳಿಗಿನ್ನೂ ರೂಢಿಯಾಗಿರಲಿಲ್ಲ. ಡ್ರೈವಿಂಗ್ ಸ್ಕೂಲಿನವನು ಗಲ್ಲ ತುರಿಸಿಕೊಂಡು, "ವಸ್ತು ಹಿಡ್ಕೊಳ್ಳಿ ಅಂದ್ರೆ ಜನ ಪೊಲೀಸರಿಗೆ ಲೈಸೆನ್ಸ್ ತೋರಿಸೋ ಥರ ಹಿಡ್ಕೊತಾರೆ. ಇವರಿಗೆ ಅದು ಕೈಯಲ್ಲಿದೆ ಅನ್ನೋದೇ ಮರೆತುಹೋಗಿದೆ. ಅದೇ ಇದರ ಹೆಚ್ಚುಗಾರಿಕೆ," ಎಂದ.

ಮೇಷ್ಟ್ರು ಇದನ್ನೆಲ್ಲ ಅರ್ಧಂಬರ್ಧ ಕೇಳಿಸಿಕೊಂಡರು. ಅವರು ಕಣ್ಣ ಸುತ್ತಲಿನ ಆ ಗುರುತನ್ನೇ ನೋಡುತ್ತಿದ್ದರು. ಅದು ಅವರಿಗೆ ಹೊಸದಲ್ಲ. ಬೆಳಗಿನ ಹೊತ್ತು ವಾಕಿಂಗ್ ಮುಗಿಸಿ ಬಂದು ಹೆಂಡತಿ ಚಹಾ ಕೊಡುವಾಗ ಎಷ್ಟೋ ದಿನ ಕಂಡಿದ್ದರು. "ಕಣ್ಣು ಬಾತಿದೆ. ನಿಂಗೆ ನಿದ್ದೆ ಸಾಲಲ್ಲ," ಎಂದಿದ್ದರು. ದಿನಾ ತಲೆ ಒದ್ದೆ ಮಾಡಿಕೊಂಡರೆ ಶೀತವಾಗುತ್ತದೆಂದೂ ಗೊಣಗಿದ್ದರು. ಆಕೆ ಹೂಂ ಅಂದು ಒಳಗೆ ಹೋಗುತ್ತಿದ್ದಳು. ಅವಳು ಹೊರಟದ್ದು ವಾಕಿಂಗಿಗಲ್ಲ ಎಂದು ಇಷ್ಟು ಜನರೆದುರು, ಚಹಾದ ಖಾಲಿ ಲೋಟ ಹಿಡಿದುಕೊಂಡು ತಿಳಿಯಬೇಕಾಯಿತು. ಸಿಟ್ಟು ಬಂತು.

"ಮೇಷ್ಟ್ರೇ, ನಿಮ್ಮದು."

ಅವರು ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಹೇಳಿದರು.

"ಫೋಟೋ ನಿಂತಿಲ್ಲ. ಆ ವಸ್ತು ಆ ಹೆಂಗಸಿನದಲ್ಲ. ಇವರು ಈಜೋರ ಥರ ಕಾಣೋದೇ ಇಲ್ಲ. ಯಾರದೋ ಕನ್ನಡಕ ತಂದು ಕೈಗೆ ಕೊಟ್ಟು, ತಲೆಗೆ ಒಂದು ಚೊಂಬು ನೀರು ಹುಯ್ದು ಕೂರಿಸಿದ ಹಾಗಿದೆ. ಸುಳ್ಳು ಫೋಟೋ."

ಆ ಕೋಣೆಯಲ್ಲಿ ಮೇಷ್ಟ್ರು ಕಟುವಾಗಿ ಮಾತಾಡಿದ್ದು ಲೆಕ್ಕವಿಲ್ಲದಷ್ಟು ಸಲ. ಸುಳ್ಳು ಹೇಳಿದ್ದು ಅದೇ ಮೊದಲು. ಹೇಳಿ ಮುಗಿಸುವಾಗಲೇ ಅದು ಅವರಿಗೆ ತಿಳಿದಿತ್ತು, ಆದರೂ ನಾಲಿಗೆ ನಿಲ್ಲಲಿಲ್ಲ.

ಫಿಸಿಯೋಥೆರಪಿ ಹುಡುಗಿ ನಿಯಮ ಮರೆತಳು. "ಸಾರ್, ಅವರದೇ ಅದು. ನಾನು ಹೋಗೋ ಈಜುಕೊಳಕ್ಕೇ ದಿನಾ ಬರ್ತಾರೆ ಸಾರ್. ಪಟ್ಟಿ ಹರಿದು ಅವರೇ ಗಂಟು ಹಾಕ್ಕೊಂಡಿರೋದು. ಹೊಸದು ತಗೊಳ್ಳಿ ಆಂಟಿ ಅಂದ್ರೂ ಕೇಳಲ್ಲ."

"ಯಾರು ತೆಗೆದಿದ್ದು ಅನ್ನೋ ಮಾತು ಇಲ್ಲಿಲ್ಲಮ್ಮ," ಎಂದು ಡ್ರೈವಿಂಗ್ ಸ್ಕೂಲಿನವನು ಅವಳನ್ನು ತಡೆದ. ಆಮೇಲೆ ಮೇಷ್ಟ್ರ ಕಡೆ ತಿರುಗಿ, ಕಲಿಯಲು ಬಂದವರು ಗೇರು ತಪ್ಪಿಸಿದಾಗ ಎಂದೂ ತೋರದ ತಾಳ್ಮೆಯಿಂದ, "ಬೇಜಾರು ಮಾಡ್ಕೋಬೇಡಿ. ಇಷ್ಟು ದಿನ ನೀವು ಹೇಳಿದ್ದು ಖಾರ ಇದ್ರೂ ಸರಿಯಾಗಿರ್ತಿತ್ತು. ಬೈಸ್ಕೊಂಡೋರು ಮನೆಗೆ ಹೋಗಿ ಇನ್ನೊಂದ್ಸಲ ಫೋಟೋ ನೋಡಿ ಹೌದು ಅಂತಿದ್ರು. ಇವತ್ತು ನೀವು ಫೋಟೋನೇ ನೋಡ್ಲಿಲ್ಲ," ಎಂದ.

"ಇರಬಹುದು," ಎಂದರು ಮೇಷ್ಟ್ರು. ಉಳಿದ ಎರಡು ಫೋಟೋಗಳಿಗೆ ಅವರು ಏನು ಹೇಳಿದರೆಂದು ಅವರಿಗೇ ನೆನಪಿಲ್ಲ.

ಮೆಟ್ಟಿಲಿಳಿಯುವಾಗ ಹುಡುಗಿ ಹಿಂದಿನಿಂದ ಬಂದಳು. ಕಣ್ಣು ಕೆಂಪಗಾಗಿತ್ತು. "ಸಾರ್, ನಿಜವಾಗ್ಲೂ ಅಷ್ಟು ಕೆಟ್ಟದಾಗಿದ್ಯಾ?"

"ಇಲ್ಲಮ್ಮ. ಫೋಟೋದಲ್ಲಿ ತಪ್ಪಿಲ್ಲ. ಚೆನ್ನಾಗಿದೆ."

"ಮತ್ತೆ ಯಾಕೆ ಸಾರ್..." ಹುಡುಗಿ ಅಲ್ಲಿಗೇ ನಿಲ್ಲಿಸಿದಳು. "ಆಂಟಿಗೆ ಏನಂತ ಹೇಳ್ಲಿ? ನಿಮ್ಮಲ್ಲಿ ಕಡೇಲಿ ಮಾತಾಡೋರು ಒಬ್ರಿದಾರಂತಲ್ಲ, ಅವರು ಏನಂದ್ರು ಅಂತ ಮಾತ್ರ ಕೇಳ್ಕೊಂಡು ಬಾ ಅಂದಿದ್ರು."

ಮೇಷ್ಟ್ರು ಕಂಬಿ ಹಿಡಿದು ನಿಂತರು. ಕೆಳಗೆ ರಸ್ತೆಯಲ್ಲಿ ಡ್ರೈವಿಂಗ್ ಸ್ಕೂಲಿನ ಕಾರನ್ನು ಯಾರೋ ತೊಳೆಯುತ್ತಿದ್ದರು. "ನೀನೇನೂ ಹೇಳ್ಬೇಡ," ಎಂದರು. ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಸುವಷ್ಟು ತ್ರಾಣ ಮೇಷ್ಟ್ರಲ್ಲಿರಲಿಲ್ಲ.

ಮನೆ ದೂರವಿರಲಿಲ್ಲ, ಆದರೂ ಅವರು ಬಸ್ಸಿಗೆ ಕಾದರು. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ಕಡೆಗೆ ನಡೆದೇ ಹೋದರು.

ಹೆಂಡತಿ ಊಟದ ಮೇಜಿನ ಮೇಲೆ ಇಸ್ತ್ರಿ ಮಾಡುತ್ತಿದ್ದಳು. ಮಡಿಸಿಟ್ಟ ಬಟ್ಟೆಗಳ ಬಿಸಿ ವಾಸನೆ ಕೋಣೆಯ ತುಂಬ ಇತ್ತು. ಅವರು ಚಪ್ಪಲಿ ಬಿಟ್ಟು ಎದುರಿನ ಕುರ್ಚಿಯಲ್ಲಿ ಕೂತರು.

"ನಿನ್ನ ಫೋಟೋ ಬಂದಿತ್ತು."

"ಗೊತ್ತು." ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಏನಂದ್ರಿ?"

ಸುಳ್ಳು ಹೇಳಬಹುದಿತ್ತು. ಇಲ್ಲಿ ಮಾತ್ರ ಅದು ಬಾಯಿಗೆ ಬರಲಿಲ್ಲ. "ಚೆನ್ನಾಗಿಲ್ಲ ಅಂದೆ. ಆ ವಸ್ತು ನಿಂದಲ್ಲ ಅಂದೆ."

ಆಕೆ ನಗುವಳೇನೋ, ಅಳುವಳೇನೋ ಎಂದು ಮೇಷ್ಟ್ರು ಕಾದರು. ಎರಡೂ ಆಗಲಿಲ್ಲ. ಅಂಗಿಯ ಕಾಲರನ್ನು ಬೆರಳಿನಿಂದ ಸರಿಪಡಿಸಿ ಮತ್ತೆ ಇಸ್ತ್ರಿ ಎಳೆದಳು.

"ಅಂದ್ಕೊಂಡಿದ್ದೆ," ಎಂದಳು.

"ನಂಗೆ ಯಾಕೆ ಹೇಳ್ಲಿಲ್ಲ? ನಾನು ಬೇಡ ಅಂತಿದ್ನಾ?"

"ನೀವು ಯಾವತ್ತು ಬೇಡ ಅಂದಿದೀರಿ? ಹಾಡು ಕಲೀತೀನಿ ಅಂದಾಗ್ಲೂ ಹೂಂ ಅಂದ್ರಿ. ಆಮೇಲೆ ಏನಂದ್ರಿ?"

ಮೇಷ್ಟ್ರಿಗೆ ನೆನಪಿತ್ತು. "ಶ್ರುತಿ ನಿಲ್ಲಲ್ಲ ಅಂದೆ. ನಿಜ ತಾನೆ?"

"ನಿಜ. ಅದಕ್ಕೇ ಬಿಟ್ಟೆ. ಕಸೂತಿ ಹಾಕಿದಾಗ ಹೂವು ಬಾಡಿದ ಹಾಗಿದೆ ಅಂದ್ರಿ. ಅದೂ ನಿಜ. ಸ್ಕೂಟರ್ ಕಲಿಯೋಕೆ ಹೋದಾಗ, ನಿಂಗೆ ಅಂದಾಜೇ ಇಲ್ಲ ಅಂದ್ರಿ. ಇರ್ಲಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದಿನ ಹೊತ್ತದ್ದನ್ನು ಇಳಿಸಿ ಭುಜ ನೀವಿಕೊಳ್ಳುವವರ ಆಯಾಸ ಇತ್ತು. "ನೀವು ಹೇಳಿದ್ದೆಲ್ಲಾ ನಿಜಾನೇ ರೀ. ಒಂದಾದ್ರೂ ಸುಳ್ಳಿದ್ದಿದ್ರೆ ಜಗಳ ಆಡ್ಬಹುದಿತ್ತು."

ಮೇಷ್ಟ್ರು ಮೇಜಿನ ಮೇಲಿದ್ದ ಒಂದು ಗುಂಡಿಯನ್ನು ಬೆರಳಿನಿಂದ ಅತ್ತಿತ್ತ ತಳ್ಳಿದರು.

"ನಾನೇನೂ ಚೆನ್ನಾಗಿ ಈಜಲ್ಲ," ಎಂದಳು ಅವಳು. "ಕಲಿಸೋನು ನಗ್ತಾನೆ. ಕಪ್ಪೆ ನಿಮಗಿಂತ ವಾಸಿ ಅಂತಾನೆ. ನಂಗೂ ನಗು ಬರತ್ತೆ. ಅವನು ಹೇಳಿದ್ರೆ ಏನೂ ಅನ್ಸಲ್ಲ. ನೀವು ಹೇಳಿದ್ರೆ ಮಾರನೇ ದಿನ ನಾನು ನೀರಿಗೆ ಇಳೀತಿರ್ಲಿಲ್ಲ. ಅಷ್ಟೇ. ಈಜೋದೊಂದು ಉಳಿಸ್ಕೊಬೇಕಿತ್ತು."

"ಮತ್ತೆ ಫೋಟೋ ಯಾಕೆ ತೆಗೆಸ್ಕೊಂಡೆ? ಆ ಹುಡುಗಿ ನಮ್ಮ ಗುಂಪಿನೋಳು ಅಂತ ಗೊತ್ತಿತ್ತಲ್ಲ."

"ಗೊತ್ತಿತ್ತು. ಬಚ್ಚಿಟ್ಟು ಬಚ್ಚಿಟ್ಟು ಸಾಕಾಯ್ತು. ಕೆಳಮನೆಯವರ ಬಾಲ್ಕನೀಲಿ ಬಟ್ಟೆ ಒಣಗಿಸೋದು, ಅವರ ಹತ್ರ ಟವೆಲ್ ಕೇಳೋದು. ಈ ವಯಸ್ಸಲ್ಲಿ ಕಳ್ಳತನ ಮಾಡ್ದ ಹಾಗೆ." ಅವಳು ಇಸ್ತ್ರಿಯ ಸ್ವಿಚ್ಚು ಆರಿಸಿದಳು. "ಮನೇಲಿ ಹೇಳಿದ್ರೆ ಮೊದಲ ಮಾತು ನಿಮ್ದೇ ಆಗತ್ತೆ. ಅಲ್ಲಾದ್ರೆ ನಿಮ್ದು ಕಡೇದಂತೆ. ಬೇರೆಯವರು ಏನಂತಾರೆ ಅಂತ ನೀವು ಮೊದ್ಲು ಕೇಳ್ಲಿ ಅನ್ನಿಸ್ತು."

ಮೇಷ್ಟ್ರು ತಮ್ಮ ಕೈ ನೋಡಿಕೊಂಡರು. ಜೀವಮಾನವಿಡೀ ಊರಿನವರ ಮುಖದ ಕಲೆಗಳನ್ನು ಯಾರಿಗೂ ತಿಳಿಯದಂತೆ ಅಳಿಸಿದ ಕೈ ತಮ್ಮದು. ಮನೆಗೆ ಬಂದ ಮೇಲೆ ಒಂದೊಂದನ್ನೂ ಬೆರಳಿಟ್ಟು ತೋರಿಸಿದ್ದೂ ಅದೇ ಕೈ. ದುಡಿದು ಬಂದು ದಣಿದವನಿಗೆ ನಿಜ ಹೇಳುವುದೇ ಆರಾಮ ಅನ್ನಿಸುತ್ತಿತ್ತು. ಕೇಳುವವಳೂ ದಣಿದಿರಬಹುದೆಂದು ಹೊಳೆದಿರಲಿಲ್ಲ. ಈಗ ಹೊಳೆದು ಮಾಡುವುದೇನು ಎಂದು ತಮ್ಮ ಮೇಲೆಯೇ ಬೇಸರವಾಯಿತು.

"ಬ್ಯಾಂಕಿನಾಕೆ ನಿನ್ನ ನೋಡಿ ಹೊಟ್ಟೆಕಿಚ್ಚು ಅಂದ್ಲು," ಎಂದರು.

"ಹೌದಾ?" ಮೊದಲ ಬಾರಿಗೆ ಅವಳ ಮುಖ ಅರಳಿತು. "ಇನ್ನೇನಂದ್ರು?"

ಅವರು ಒಬ್ಬೊಬ್ಬರು ಹೇಳಿದ್ದನ್ನೂ ನೆನಪು ಮಾಡಿಕೊಂಡು ಹೇಳಿದರು. ಅರ್ಧಂಬರ್ಧ ಕೇಳಿದ್ದರಿಂದ ಕೆಲವನ್ನು ತಾವೇ ತುಂಬಿಸಬೇಕಾಯಿತು. ಆಕೆ ಬಟ್ಟೆ ಮಡಿಸುವುದನ್ನು ಬಿಟ್ಟು ಕೇಳಿದಳು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಕೇಳಿದರು, "ಒಂದಿನ ನಾನೂ ಬರ್ಲಾ? ಸುಮ್ನೆ ದಡದಲ್ಲಿ ಕೂತಿರ್ತೀನಿ."

ಅವಳು ಯೋಚಿಸಿದಳು. ಸುಮ್ಮನೆ ಒಂದು ಮಾತಿಗೆ ಯೋಚಿಸಿದ್ದಲ್ಲ, ನಿಜವಾಗಿಯೂ ಯೋಚಿಸಿದಳು.

"ಬೇಡ," ಎಂದಳು. ಬಟ್ಟೆಯ ಅಟ್ಟಿಯನ್ನು ಎದೆಗವಚಿಕೊಂಡು ಒಳಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ಅವಳು ವಾಕಿಂಗಿಗೆ ಎಂದು ಹೇಳದೆ ಹೋಗಿ ಬಂದಳು. ಕಣ್ಣ ಸುತ್ತ ಗುರುತಿತ್ತು. ಚಹಾ ಕೊಡುವ ಮೊದಲು ನೇರ ತಮ್ಮದೇ ಬಾಲ್ಕನಿಗೆ ನಡೆದು, ಮೇಷ್ಟ್ರ ಬಿಳಿ ಅಂಗಿಗಳ ನಡುವೆ ಜಾಗ ಮಾಡಿ, ನೇರಳೆ ಬಣ್ಣದ ಈಜುಡುಗೆಯನ್ನು ತಿರುಚಿ ಹಿಂಡಿ ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು.

ಮೇಷ್ಟ್ರು ಪೇಪರು ಮಡಿಸಿಟ್ಟು ನೋಡಿದರು. ಹಾಗೆ ತಿರುಚಿ ಹಿಂಡಿದರೆ ಬಟ್ಟೆಯ ಎಳೆತ ಹೋಗುತ್ತದೆ. ನೇರ ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ. ಭುಜದಿಂದ ತೂಗುಹಾಕಿದರೆ ಪಟ್ಟಿ ಜೋಲುತ್ತದೆ. ಮೂರೂ ಅವರಿಗೆ ಒಂದೇ ನೋಟಕ್ಕೆ ಕಂಡವು.

"ಏನ್ರೀ ಹಾಗೆ ನೋಡ್ತಿದೀರಿ?" ಎಂದಳು ಹೆಂಡತಿ, ಲೋಟ ಚಾಚುತ್ತ. "ಏನಾದ್ರೂ ಹೇಳೋದಿದ್ಯಾ?"

"ಇಲ್ಲ. ಏನಿಲ್ಲ."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆಕೆ ತನ್ನ ಲೋಟ ತಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಈಜುಡುಗೆಯಿಂದ ನೀರು ತೊಟ್ಟಿಕ್ಕಿ ಅವರ ಅಂಗಿಯ ತೋಳಿನ ಮೇಲೆ ಬೀಳುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ ಚಹಾ ಕುಡಿದರು.