ಯಾವ ಏಳು?

ಕಂಪ್ಲಿಯ ಒಂದು ಓಣಿಯಲ್ಲಿ ಈ ಕಥೆಯನ್ನು ಹೇಳಿದರೆ ಯಾರೂ ನಗುವುದಿಲ್ಲವಂತೆ. ಕಥೆ ಹಿಡಿಸದೆ ಅಲ್ಲ. ಎಲ್ಲಿ ನಗಬೇಕೆಂಬುದು ಅವರ ಕಿವಿಗೆ ಬೀಳುವುದಿಲ್ಲ. ಹೊಸಪೇಟೆಯಲ್ಲಿ ಹೇಳುವವರು ಇದಕ್ಕೆ ಒಂದಿಷ್ಟು ಸಾರಾಯಿ ಬೆರೆಸಿ, ಮದ್ದು ಹಾರಿಸುವ ಬ್ಲಾಸ್ಟರ್ ಜಡೆಪ್ಪ ಕುಡಿದಿದ್ದನೆಂದು ಮುಗಿಸಿಬಿಡುತ್ತಾರೆ. ಸಂಡೂರಿನ ಗುಡ್ಡದಲ್ಲಿ ದುಡಿದವರು ಮಾತ್ರ ಅದನ್ನು ಒಪ್ಪುವುದಿಲ್ಲ. ಜಡೆಪ್ಪ ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ ಎನ್ನುತ್ತಾರೆ. ಅವರ ಬಾಯಲ್ಲಿ ಕಥೆ ನಡೆಯುವುದು ಹೀಗೆ.

ಗುಡ್ಡದ ಮಣ್ಣಿಗೆ ಸಮುದ್ರದಾಚೆ ಬೆಲೆ ಬಂದು, ಹೊಸಪೇಟೆಯಿಂದ ಸಂಡೂರಿನವರೆಗೆ ರಸ್ತೆಬದಿಯ ಬೇವಿನ ಎಲೆಯೂ ಕೆಂಪಾಗಿದ್ದ ಕಾಲ. ಅಲ್ಲಿಯ ಒಂದು ಗಣಿಯಲ್ಲಿ ಕಂಪ್ಲಿಯ ಸಿದ್ದಲಿಂಗೇಶ ವೈರ್‌ಲೆಸ್ ಕೋಣೆಯ ಕೆಲಸಕ್ಕಿದ್ದ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಮೆಟ್ಟಿಲಿಗೆ ಬೆಂಚು ಎಂದು ಹೆಸರು, ಒಂದೊಂದಕ್ಕೂ ಒಂದು ಸಂಖ್ಯೆ. ಯಾವ ಟಿಪ್ಪರ್ ಯಾವ ಬೆಂಚಿಗೆ ಹೋಗಬೇಕು, ಯಾವ ದಾರಿ ಬಂದ್ ಆಗಿದೆ, ಮದ್ದು ಹಾರಿಸುವ ಹೊತ್ತಿಗೆ ಯಾರು ಎಲ್ಲಿ ಅಡಗಬೇಕು ಎಂಬುದೆಲ್ಲ ಎದುರು ದಿಬ್ಬದ ಮೇಲಿನ ಆ ಕೋಣೆಯಿಂದ, ಅವನ ಬಾಯಿಂದಲೇ ಹೊರಡಬೇಕು. ಅವನ ತಮ್ಮ ಮಲ್ಲೇಶ ಅದೇ ಗಣಿಯಲ್ಲಿ ಅದಿರು ತೋಡುವ ಹಿಟಾಚಿ ಯಂತ್ರ ನಡೆಸುತ್ತಿದ್ದ. ತಂದೆ ತೀರಿದ ಮೇಲೆ ತಮ್ಮನನ್ನು ಕರೆತಂದು ಕೆಲಸಕ್ಕೆ ಹಚ್ಚಿದವನು ಸಿದ್ದಲಿಂಗೇಶನೇ. ಗುಡ್ಡ ಒಡೆಯುವ ಕೆಲಸ, ನಿನ್ನ ಕಣ್ಣಳತೆಯಲ್ಲಿ ಇಟ್ಟುಕೋ ಎಂದು ತಾಯಿ ಎರ್ರಮ್ಮ ಒಪ್ಪಿಸಿ ಕಳಿಸಿದ್ದಳು.

ಸಿದ್ದಲಿಂಗೇಶನಿಗೆ ತನ್ನ ನಾಲಿಗೆಯ ಮೇಲೆ ಬಲವಾದ ಭರವಸೆ. ಕಾಲೇಜಿನ ಕ್ರೀಡಾಕೂಟದಲ್ಲಿ ಮೈಕು ಹಿಡಿದವನು. ಗಡಿಯಾಚೆಯ ತೆಲುಗು ಚಾಲಕರ ರಾಗವನ್ನು, ಮಲಪನಗುಡಿಯವರ ಎಳೆತವನ್ನು, ಡ್ಯಾಂ ಕ್ವಾರ್ಟರ್ಸಿನವರ ನಯವನ್ನು ಅಣಕಿಸಿ ತೋರಿಸಿದರೆ ಕೇಳಿದವರು ಹೊಟ್ಟೆ ಹಿಡಿದು ನಗಬೇಕು. ಉಳಿದವರ ಮಾತಿಗೆಲ್ಲ ಊರಿನ ವಾಸನೆ ಇದೆ, ತನ್ನದು ಮಾತ್ರ ಬಾವಿಯ ನೀರಿನಂತೆ ಬಣ್ಣವಿಲ್ಲದ್ದು ಎಂದು ಅವನ ನಂಬಿಕೆ.

ಆದರೆ ಅವನು ಹುಟ್ಟಿದ ಓಣಿಯಲ್ಲಿ ಮಾತಿನ ಮೊದಲಿಗೆ ಬರುವ ಹಕಾರಕ್ಕೆ ಜಾಗವೇ ಇರಲಿಲ್ಲ. ಅಲ್ಲಿ ಹಾಲು ಆಲು, ಹಗ್ಗ ಅಗ್ಗ. ಹೇಳು ಎನ್ನಬೇಕಾದರೂ ಏಳು, ಮಲಗಿದವನನ್ನು ಎಬ್ಬಿಸುವಾಗಲೂ ಏಳು, ಆರರ ಮುಂದಿನದೂ ಏಳು. ವೈರ್‌ಲೆಸ್ ಸೆಟ್ಟಿನಲ್ಲಿ ಯಾರಾದರೂ ಕರೆದರೆ ಮೊದಲು "ಹೇಳು" ಎನ್ನುವುದು ಗಣಿಯ ವಾಡಿಕೆ. ಅವನು "ಏಳು" ಎನ್ನುತ್ತಿದ್ದ. ಚಾಲಕರು ಅವನಿಗೆ ಏಳರ ಸಾಹೇಬರು ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಏಳಕ್ಕೆ ತಪ್ಪದೆ ಕೆಲಸಕ್ಕೆ ಬರುವುದಕ್ಕೆ ಸಂದ ಮರ್ಯಾದೆ ಅದೆಂದು ಅವನು ತಿಳಿದಿದ್ದ. ಹಳೆಯ ಬ್ಲಾಸ್ಟರ್ ಉಜ್ಜಿನಪ್ಪ ಅವನ ಏಳುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಬೇರೆ ಬೇರೆ ಮಾಡಿಕೊಳ್ಳುತ್ತಿದ್ದ. ಕೇಳಿ ಕೇಳಿ ರೂಢಿಯಾಗಿತ್ತು.

ಆ ವಾರ ಉಜ್ಜಿನಪ್ಪ ಜ್ವರ ಬಂದು ಮಲಗಿದ. ಅವನ ಜಾಗಕ್ಕೆ ಮಲಪನಗುಡಿಯ ಜಡೆಪ್ಪ ಬಂದ. ಕಲ್ಲು ಕ್ವಾರಿಯಲ್ಲಿ ಪಳಗಿದವನು, ಒಂದು ಮಾತಿಗೆ ಎರಡು ಸಲ ಕೇಳಿಕೊಳ್ಳುವ ಎಚ್ಚರದವನು. ಅದಿರಿನ ಅವಸರದಲ್ಲಿ ಐದನೆಯ ಬೆಂಚು, ಏಳನೆಯ ಬೆಂಚು ಎರಡಕ್ಕೂ ಮದ್ದು ತುಂಬಿಯಾಗಿತ್ತು. ಆ ದಿನ ಐದನ್ನು ಹಾರಿಸುವುದು, ಮರುದಿನ ಏಳನ್ನು ಎಂದು ಮುಂಚೆಯೇ ನಿಶ್ಚಯವಾಗಿತ್ತು. ಅದು ಉಜ್ಜಿನಪ್ಪನಿಗೆ ಗೊತ್ತಿತ್ತು. ಜಡೆಪ್ಪನಿಗೂ ಗೊತ್ತಿರಬೇಕೆಂದು ಎಲ್ಲರೂ ತಿಳಿದರು. ಸಿದ್ದಲಿಂಗೇಶ ಐದರ ಸುತ್ತಲಿನ ಮಂದಿಯನ್ನೆಲ್ಲ ತೆರವು ಮಾಡಿಸಿ, ಏಳರ ಬುಡದಲ್ಲಿದ್ದ ಕಬ್ಬಿಣದ ತಗಡಿನ ಗೂಡಿಗೆ ಕಳಿಸಿದ. ಐದರ ಕಲ್ಲು ಅಲ್ಲಿಯವರೆಗೆ ಸಿಡಿಯುವುದಿಲ್ಲ. ಮಲ್ಲೇಶನೂ ಹಿಟಾಚಿ ನಿಲ್ಲಿಸಿ, ಸೆಟ್ಟನ್ನು ಕೈಯಲ್ಲಿ ಹಿಡಿದು ಗೂಡು ಹೊಕ್ಕ.

ಊಟದ ಹೊತ್ತಿಗೆ ಜಡೆಪ್ಪನ ಕರೆ ಬಂತು. ಅವನು ಕೇಳಿದ್ದು, ಇವತ್ತು ಯಾವ ಬೆಂಚು ಹಾರಿಸಲಿ ಎಂದು. ಗುಡ್ಡದ ಮಗ್ಗುಲಿಗೆ ತಾಗಿ ಆ ಮಾತು ಅರ್ಧ ಹರಿದುಹೋಗಿ, ಸಿದ್ದಲಿಂಗೇಶನಿಗೆ ಕೇಳಿದ್ದು "ಕಂಟ್ರೋಲ್, ಕಂಟ್ರೋಲ್" ಎಂಬುದೂ ಒಂದಷ್ಟು ಗೊರಗೊರ ಸದ್ದೂ ಮಾತ್ರ. ಅವನು ವಾಡಿಕೆಯಂತೆ ಉತ್ತರ ಕೊಟ್ಟ.

"ಏಳು."

ಜಡೆಪ್ಪ ಎಚ್ಚರದವನಲ್ಲವೇ, ಮತ್ತೆ ಕೇಳಿದ. "ಏಳು ಅಂದ್ರೇನ್ರಿ?"

ಈ ಸಲ ಮಾತು ಸ್ಪಷ್ಟವಾಗಿಯೇ ಬಂತು. ಆದರೆ ಬಾಯಲ್ಲಿ ಬೇರೆಯಾಗದ್ದು ಕಿವಿಯಲ್ಲಿ ಬೇರೆಯಾಗುವುದೆಂತು? ಹೇಳು ಎಂದಿರೇನು ಎಂದು ಈ ಹೊಸಬ ಕೇಳುತ್ತಿದ್ದಾನೆಂದು ಸಿದ್ದಲಿಂಗೇಶ ತಿಳಿದ.

"ಊಂನಪಾ, ಏಳು ಅಂದೆ. ಏಳು, ಜಲ್ದಿ ಏಳು. ಊಟದ ಒತ್ತಾತು."

"ಆತ್ರಿ. ಸೆಟ್ ಬಂದ್ ಮಾಡ್ತೀನ್ರಿ."

ಸದ್ದು ನಿಂತಿತು. ಮದ್ದಿಗೆ ಕಿಡಿ ಕೊಡುವ ಕೇಪಿನ ತಂತಿಗೆ ಕೈ ಹಚ್ಚುವ ಮೊದಲು ಬ್ಲಾಸ್ಟರನು ಸೆಟ್ಟನ್ನು ಬಂದ್ ಮಾಡಲೇಬೇಕು. ಸೆಟ್ಟಿನ ಅಲೆ ತಗುಲಿದರೆ ಕೇಪು ತಾನಾಗಿಯೇ ಹಾರಬಹುದು. ಸಿದ್ದಲಿಂಗೇಶ ಬುತ್ತಿಯ ಗಂಟು ಬಿಚ್ಚಿದ. ರೊಟ್ಟಿ ಮುರಿದವನ ಮನಸ್ಸಿನಲ್ಲಿ ಏನೋ ಮುಳ್ಳಿನಂತೆ ಆಡಿತು. ಹೇಳು ಎಂದರೆ ಹೇಳಲಿಲ್ಲ. ಏನೂ ಹೇಳುವುದಿಲ್ಲದಿದ್ದರೆ ಕರೆದದ್ದೇಕೆ? ಹೊಸಬರ ಹಣೆಬರಹವೇ ಇಷ್ಟು ಎಂದುಕೊಂಡ. ಆದರೂ ರೊಟ್ಟಿಯನ್ನು ಕೆಳಗಿಟ್ಟ. ಎದ್ದು ಕಿಟಕಿಗೆ ಹೋದ.

ಹಾರಿಸುವ ಬೆಂಚಿನ ದಾರಿಗೆ ನೆಡುವ ಕೆಂಪು ಬಾವುಟ ಐದರ ದಾರಿಯಲ್ಲಿ ಇರಲಿಲ್ಲ. ಬಾವುಟಗಳು ಏಳರ ದಾರಿಯ ಎರಡೂ ಬಾಯಿಗಳಲ್ಲಿ ಹಾರಾಡುತ್ತಿದ್ದವು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಕಣ್ಣುಜ್ಜಿಕೊಂಡು ಮೇಲಿನಿಂದ ಬೆಂಚುಗಳನ್ನು ಮತ್ತೆ ಎಣಿಸಿದ. ಗೂಡಿನ ತಗಡು ಬಿಸಿಲಿಗೆ ಮಿಂಚುತ್ತಿತ್ತು, ಅದರ ನೆತ್ತಿಯ ಮೇಲೆಯೇ ಮದ್ದು ತುಂಬಿದ ಕುಳಿಗಳ ಸಾಲು. ಜಡೆಪ್ಪ ಗುಡ್ಡದ ಮೂಲೆಯ ಆಚೆ ಕುಳಿತವನು; ಅವನಿಗೆ ಗೂಡು ಕಾಣದು. ಅಷ್ಟರಲ್ಲಿ ಮೊದಲ ಸೈರನ್ ಕೂಗಿತು. ಅದು ಎಲ್ಲರೂ ಅಡಗಿಕೊಳ್ಳಿ ಎಂಬ ಕೂಗು. ಮದ್ದಿನ ಮನೆಯ ಪಕ್ಕೀರಪ್ಪ ಆ ಸೈರನ್ನನ್ನು ಕೈಯಿಂದ ತಿರುಗಿಸುತ್ತಿದ್ದ. ಅವನ ಬಳಿ ಸೆಟ್ಟು ಇರಲಿಲ್ಲ, ಕಾಲೋಟಕ್ಕೆ ಅವನು ನಿಲುಕುವಂತಿರಲಿಲ್ಲ. ಅವನು ಎರಡನೆಯ ಸಲ ತಿರುಗಿಸಿದನೆಂದರೆ ಜಡೆಪ್ಪ ಗುಂಡಿ ಒತ್ತುತ್ತಾನೆ.

ಸಿದ್ದಲಿಂಗೇಶ ಜಡೆಪ್ಪನನ್ನು ಕೂಗಿದ. ಬಂದಾದ ಸೆಟ್ಟು ಕಲ್ಲಿನಂತೆ ಸುಮ್ಮನಿತ್ತು. ಸೆಟ್ಟಿನ ಗುಂಡಿ ಒತ್ತಿ ತಮ್ಮನನ್ನು ಕೂಗಿದ. ಗೂಡಿನಲ್ಲಿ ಕುಳಿತವರೆಲ್ಲ ಎದ್ದು ಹೊರಬೀಳಬೇಕು. ಅವನಿಗೆ ಬೇಕಾದದ್ದು ಅಷ್ಟೇ.

"ಮಲ್ಲೇಶಾ, ಏಳು. ಏಳು ಜಲ್ದಿ."

ತಮ್ಮನ ಧ್ವನಿ ಆರಾಮಾಗಿ ಬಂತು. "ನಾ ಕರದಿಲ್ಲಲಣ್ಣ. ಏನ್ ಏಳ್ಲಿ?"

"ಏಳಲೇ! ಎಲ್ಲಾರಿಗೂ ಏಳು ಅನ್ನು!"

"ಏನಂತ ಏಳ್ಲಿ ಎಲ್ಲಾರಿಗೆ?"

ಗೂಡಿನಲ್ಲಿ ಯಾರೋ ನಕ್ಕದ್ದೂ ಸೆಟ್ಟಿನಲ್ಲಿ ಕೇಳಿಸಿತು. ಒಂದೇ ತಾಯಿಯ ಬಾಯಿಂದ ಮಾತು ಕಲಿತವರು. ಅಣ್ಣ ಬಿಟ್ಟ ಅಕ್ಷರವನ್ನು ತಮ್ಮನೇ ತುಂಬಿಕೊಳ್ಳುತ್ತಿದ್ದ, ಬೇಡದ ಕಡೆಯೂ ತುಂಬಿಕೊಳ್ಳುತ್ತಿದ್ದ. ಸಿದ್ದಲಿಂಗೇಶ ಅದೇ ಮಾತನ್ನು ಇನ್ನೂ ಜೋರಾಗಿ ಅಂದ, ಇನ್ನೂ ಜೋರಾಗಿ. ನಾಲಿಗೆಗೆ ಬೇರೆ ಮಾತೇ ಒದಗಲೊಲ್ಲದು. ಕಿಟಕಿಯಾಚೆ, ಎಲ್ಲ ತೆರವಾಯಿತು ಹಾರಿಸಿ ಎನ್ನುವ ಹಸಿರು ಬಾವುಟ ಮೇಲೆದ್ದದ್ದು ಕಂಡಾಗ ಗಂಟಲಿನಿಂದ ತಾನಾಗಿಯೇ ಹೊರಬಿದ್ದದ್ದು ಬೇರೆ ಮಾತು.

"ಓಡ್ರಿ! ಓಡ್ರಿ ಬಲಕ್ಕ! ಮ್ಯಾಲ ಮದ್ದೈತಿ!"

ಆ ಮಾತಿಗೆ ಎರಡು ಅರ್ಥವಿರಲಿಲ್ಲ. ಗೂಡಿನಿಂದ ಜನ ಇರುವೆಗಳಂತೆ ಚೆಲ್ಲಿದರು. ಎರಡನೆಯ ಸೈರನ್ ಅವರ ಬೆನ್ನ ಮೇಲೆಯೇ ಕೂಗಿತು. ಏಳನೆಯ ಬೆಂಚು ಹೊಟ್ಟೆಯುಬ್ಬಿಸಿ ಎದ್ದು, ಕೆಂಪು ಧೂಳಾಗಿ ಕುಸಿಯಿತು. ಕಿಟಕಿಯ ಗಾಜು ನಡುಗಿ ನಿಂತಿತು. ಗೂಡೂ ಕಾಣದು, ಓಡಿದವರೂ ಕಾಣರು. ಸಿದ್ದಲಿಂಗೇಶ ಸೆಟ್ಟನ್ನು ಎದೆಗೊತ್ತಿಕೊಂಡು ನಿಂತ. ಧೂಳು ಕರಗುವ ತನಕ ಅವನು ತಮ್ಮನನ್ನು ಕರೆಯಲಿಲ್ಲ. ಕರೆದು ಉತ್ತರ ಬಾರದೆ ಹೋದರೆ ಎಂಬ ಹೆದರಿಕೆ. ಕೊನೆಗೆ ಸೆಟ್ಟೇ ಕೆಮ್ಮಿತು.

"ಅಣ್ಣಾ, ಎಲ್ಲಾರೂ ಅದೀವಿ. ತ್ವಾಟಪ್ಪನ ಕೈಗೆ ಕಲ್ಲು ಬಡದೈತಿ, ಅಷ್ಟ."

ಗೂಡಿನ ತಗಡು ರೊಟ್ಟಿಯಂತೆ ಮಡಿಚಿಹೋಗಿತ್ತು.

ಮಧ್ಯಾಹ್ನ ಮ್ಯಾನೇಜರ್ ಶ್ರೀಪತಿರಾಯರು ಎಲ್ಲರನ್ನೂ ಕಚೇರಿಗೆ ಕರೆಸಿದರು. ಹೊಸಪೇಟೆಯ ವೈಷ್ಣವರು, ಎಂದೂ ದನಿ ಏರಿಸದವರು. ಸಿದ್ದಲಿಂಗೇಶ ಒಳಗೆ ಬರುತ್ತಲೇ ಜಡೆಪ್ಪನ ಮೇಲೆ ಹರಿಹಾಯ್ದ. ತಾನು ಏಳನೆಯದು ಎಂದು ಹೇಳಲೇ ಇಲ್ಲ, ಇವನು ತನ್ನ ಮನಸ್ಸಿಗೆ ಬಂದದ್ದನ್ನು ಹಾರಿಸಿದ ಎಂದ. ಜಡೆಪ್ಪ ಕೈಮುಗಿದು, ತಾನು ಎರಡು ಸಲ ಕೇಳಿದೆ, ಎರಡು ಸಲವೂ ಏಳೆಂದರು ಎಂದ. ಸೆಟ್ಟು ಹಿಡಿದಿದ್ದ ಚಾಲಕರೆಲ್ಲ ತಮಗೂ ಏಳೆಂದೇ ಕೇಳಿತು ಎಂದರು. ಅಣ್ಣನ ಪರವಾಗಿ ನಿಂತವನು ಮಲ್ಲೇಶನೊಬ್ಬನೇ. ಇನ್ನೂ ಮುಖ ತೊಳೆದಿರಲಿಲ್ಲ. ಕೆಂಪು ಧೂಳಿನ ನಡುವೆ ಕಣ್ಣು ಎರಡೇ ಬೆಳ್ಳಗೆ.

"ನಾ ಆಣಿ ಮಾಡ್ತೀನ್ರಿ ಸಾಹೇಬ್ರ. ನಮ್ಮಣ್ಣ ಏಳು ಅಂದಾನ್ರಿ, ಏಳು ಅಂದಿಲ್ರಿ."

ಕಚೇರಿಯಲ್ಲಿ ನಗೆ ಎದ್ದಿತು, ಅದು ಎಂಥ ಹೊತ್ತು ಎಂದು ನೆನಪಾಗಿ ಅಲ್ಲಲ್ಲೇ ಆರಿತು. ಸಿದ್ದಲಿಂಗೇಶ ಮುಖ ಮುಖ ನೋಡಿದ. ತಮ್ಮ ಅಂದದ್ದು ಸರಿಯಾಗಿಯೇ ಇತ್ತಲ್ಲ.

ರಾಯರು ಅವನಿಗೆ ಕಾಗದ ಕೊಟ್ಟು, ಅಂದದ್ದನ್ನು ಬರೆಯಿರಿ ಎಂದರು. ಅವನು ದುಂಡಗೆ ಹೇಳು ಎಂದು ಬರೆದ. ಓದಿರಿ ಎಂದರು. ಓದಿದ. ಎಲ್ಲರೂ ನೆಲ ನೋಡಿದರು. ಕೈಗೆ ಗೊತ್ತಿದ್ದ ಅಕ್ಷರ ಬಾಯಿಗೆ ಗೊತ್ತಿರಲಿಲ್ಲ. ರಾಯರು ಅವನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಒಮ್ಮೆ ಹೇಳು, ಒಮ್ಮೆ ಏಳು ಎನ್ನುತ್ತ ಯಾವುದೆಂದು ಕೇಳಿದರು. ಸಿದ್ದಲಿಂಗೇಶ ಕಿವಿಯನ್ನು ಸೂಜಿಯಂತೆ ಚೂಪು ಮಾಡಿಕೊಂಡ. ಏನೋ ಒಂದು ಉಸಿರು ಬಂದಂತೆಯೂ ಬಾರದಂತೆಯೂ ಆಗುತ್ತಿತ್ತು. ಅವನ ಉತ್ತರ ಕುರುಡ ಕಲ್ಲೆಸೆದಂತೆ, ಒಮ್ಮೆ ತಾಗಿದರೆ ಒಮ್ಮೆ ಇಲ್ಲ.

"ಬಿಡ್ರಿ, ಇದು ನಿಮ್ಮ ತಪ್ಪಲ್ಲ," ಎಂದರು ರಾಯರು. "ತಮ್ಮ ಮೈ ವಾಸನಿ ತಮಗ ಬರೂದಿಲ್ಲ. ನಮ್ಮ ಮನ್ಯಾಗ ಶುದ್ಧ ಮಾತಾಡೂದು ರೂಢಿ ಆಗ್ಯದ, ಹಂಗಾಗಿ ನಮಗ ಗೊತ್ತಾಗ್ತದ."

ಜಡೆಪ್ಪ ಪಕ್ಕದವನ ಕಿವಿಯಲ್ಲಿ "ಆಗ್ಯದ" ಎಂದು ರಾಯರಂತೆಯೇ ಎಳೆದ. ಪಕ್ಕದವನು ನಗು ನುಂಗಿ ಕೆಮ್ಮಿದ.

ಸೆಟ್ಟಿನಲ್ಲಿ ಇನ್ನು ಮುಂದೆ ಹೇಳು ಎನ್ನುವುದು ಬೇಡ, ಮಾತಾಡು ಎನ್ನಿರಿ, ನಾಳೆಯಿಂದ ನಿಮ್ಮ ಕುರ್ಚಿ ನಿಮಗೇ ಎಂದು ರಾಯರು ದೊಡ್ಡ ಮನಸ್ಸು ಮಾಡಿದರು. ಸಿದ್ದಲಿಂಗೇಶ ಒಪ್ಪಲಿಲ್ಲ. ಇದೊಂದು ಮಾತು ಇಂದು ಸಿಕ್ಕಿಬಿತ್ತು. ಸಿಕ್ಕದೆ ಉಳಿದವು ಎಷ್ಟಿವೆಯೋ ಯಾರಿಗೆ ಗೊತ್ತು?

"ನನ್ನ ತಮ್ಮ ಈ ಗುಡ್ಡದಾಗ ಇರೂ ತನಕ ನಾ ಆ ಸೆಟ್ ಮುಟ್ಟೂದಿಲ್ರಿ," ಎಂದು ಹೊರಗೆ ಬಂದ.

ಸಂಜೆ ಅಣ್ಣ ತಮ್ಮ ಹೊಸಪೇಟೆಗೆ ಬಂದು ಕಂಪ್ಲಿಯ ಬಸ್ಸು ಹಿಡಿದರು. ಮಲ್ಲೇಶ ಕಿಟಕಿಗೆ ತಲೆಯಾನಿಸಿ ಕಮಲಾಪುರ ಬರುವುದರೊಳಗೆ ನಿದ್ದೆಹೋದ. ಸಿದ್ದಲಿಂಗೇಶನಿಗೆ ಬಸ್ಸೆಲ್ಲ ಬಾಯಿಯಾಗಿ ಕೇಳಿಸಿತು. ಕಂಡಕ್ಟರನದು, ಬಾಳೆಗೊನೆ ಇಳಿಸುವವನದು, ಮಗುವನ್ನು ಗದರುವವಳದು. ಎಲ್ಲರ ಮಾತಿನಲ್ಲೂ ಆ ಅಕ್ಷರವನ್ನು ಹುಡುಕಿದ. ಮೈಕು ಹಿಡಿದ ದಿನಗಳು ನೆನಪಾದವು. ತಾನು ಅಣಕಿಸಿದಾಗ ಹೊಟ್ಟೆ ಹಿಡಿದು ನಕ್ಕವರು ಯಾರ ಮಾತಿಗೆ ನಕ್ಕಿದ್ದರು?

ಮನೆಯಲ್ಲಿ ಎರ್ರಮ್ಮ ನಡೆದದ್ದೆಲ್ಲ ಕೇಳಿ, ಕಿರಿಯ ಮಗನ ತಲೆಯಿಂದ ಕಾಲಿನವರೆಗೆ ಸವರಿ ನೋಡಿದಳು. ಸಿದ್ದಲಿಂಗೇಶ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಹೇಳು, ಏಳು ಎರಡನ್ನೂ ತನ್ನ ಬಾಯಿಗೆ ಬಂದಂತೆ ಒಂದರ ಹಿಂದೊಂದು ಅಂದು, ಇದರಲ್ಲಿ ಫರಕು ಕಾಣುತ್ತದೆಯೇ ಎಂದು ಕೇಳಿದ.

ಎರ್ರಮ್ಮ ಯೋಚಿಸಿದಳು. "ಯಾವ ಏಳು ಅಂತ ನೀ ಮೊದ್ಲು ಏಳು, ಆಮ್ಯಾಲೆ ನಾ ಏಳ್ತೀನಿ."

ಮಲ್ಲೇಶ ತಲೆಯಾಡಿಸಿದ. ಸರಿಯಾದ ಮಾತು ಎನ್ನಿಸಿತು ಅವನಿಗೆ.

ಉಣ್ಣುವ ಮೊದಲು ಸಿದ್ದಲಿಂಗೇಶನ ಪುಟ್ಟ ಮಗಳು ಬಂದು ತೊಡೆಯೇರಿ, ಕಥೆ ಬೇಕೆಂದು ಹಟ ಹಿಡಿದಳು. ಅವನಿಗೆ ಬಾಯಿ ತೆರೆಯಲು ಅಂಜಿಕೆ. ಹುಲಿಯ ಕಥೆ ಬೇಡ, ಹಾವಿನದು ಬೇಡ, ಹೊಳೆ ದಾಟುವುದಂತೂ ಬೇಡವೇ ಬೇಡ. ಕಡೆಗೆ ಕಾಗೆ ಗುಬ್ಬಿಗಳನ್ನು ನೆಚ್ಚಿಕೊಂಡು, ಮುಳ್ಳಿನಲ್ಲಿ ಬರಿಗಾಲಿಡುವವನಂತೆ ಒಂದೊಂದೇ ಮಾತನ್ನು ನೋಡಿ ನೋಡಿ ಇಟ್ಟ. ಮಳೆ ಬಂತು, ಕಾಗೆಯ ಮನೆ ಕರಗಿತು. ಕಾಗೆ ನೆನೆಯುತ್ತ ಬಂದು ಗುಬ್ಬಿಯ ಬಾಗಿಲು ಬಡಿಯಿತು. ಒಳಗಿನಿಂದ ಗುಬ್ಬಿ...

ಅಲ್ಲಿಗೆ ಬಂದು ನಿಂತುಬಿಟ್ಟ. ಮಗಳು ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಗುಬ್ಬಿ ಏನ್ ಏಳ್ತಪ್ಪ?"